ಜೇಬಿನ ಕ್ಯಾಮೆರಾ ಸಾಕಾ, ದೊಡ್ಡದು ಬೇಕಾ? ಮಲೆನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಆಗಸ್ಟ್ ತಿಂಗಳ ಭಾನುವಾರ ಜೋಗದ ವ್ಯೂ ಪಾಯಿಂಟ್‌ನಲ್ಲಿ ನಿಂತು ಸುತ್ತ ನೋಡಿ. ಲೆಕ್ಕವಿಲ್ಲದಷ್ಟು ಫೋನು, ಒಂದಿಷ್ಟು ಉದ್ದ ಲೆನ್ಸು, ನಡುವೆ ಎಲ್ಲೋ ಒಬ್ಬಿಬ್ಬರ ಕೈಲಿ ಜೇಬಿನ ಕ್ಯಾಮೆರಾ. ಆ ಒಬ್ಬಿಬ್ಬರಿಗೆ ಎರಡೂ ಕಡೆಯಿಂದ ಅನುಮಾನ. ಫೋನೇ ಸಾಕಿತ್ತಾ? ಇಲ್ಲಾ ಪಕ್ಕದವರ ಹಾಗೆ ದೊಡ್ಡದೇ ತಗೋಬೇಕಿತ್ತಾ?

ಈ ಬರಹ ಅಂಥವರಿಗೆ. ಸೋನಿ ಆರ್‌ಎಕ್ಸ್100, ಕ್ಯಾನನ್ ಜಿ7 ಎಕ್ಸ್, ಪ್ಯಾನಸೋನಿಕ್ ಎಲ್‌ಎಕ್ಸ್100, ರಿಕೋ ಜಿಆರ್ ಥರದ ಒಳ್ಳೆಯ ಕಾಂಪ್ಯಾಕ್ಟ್, ಅಂದರೆ ಜೇಬಿನ ಕ್ಯಾಮೆರಾ, ಈಗಾಗಲೇ ಮನೆಯಲ್ಲಿದೆ, ಅಪ್‌ಗ್ರೇಡ್ ಮಾಡಬೇಕಾ ಬೇಡವಾ ಎಂದು ತೂಗುತ್ತಿದ್ದೀರಿ ಅಂದುಕೊಂಡು ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಮಳೆಗಾಲ, ಒಂದು ಅಡಿಕೆ ಕೊಯ್ಲು ಮುಗಿಯುವ ತನಕ ಕೈಲಿರುವುದನ್ನೇ ಚೆನ್ನಾಗಿ ದುಡಿಸಿ. ಆಮೇಲೆ ಕೆಟ್ಟ ಫೋಟೋಗಳನ್ನು ಮುಂದಿಟ್ಟುಕೊಂಡು ಅವು ಯಾಕೆ ಕೆಟ್ಟವು ಎಂದು ವಿಂಗಡಿಸಿ. ಏನು ಕೊಳ್ಳಬೇಕು, ಅಸಲಿಗೆ ಕೊಳ್ಳಬೇಕಾ ಎನ್ನುವುದು ಆ ರಾಶಿಯಿಂದಲೇ ಗೊತ್ತಾಗುತ್ತದೆ.

ಹಂತ 1: ಕೈಲಿರುವುದು ಏನು ಅಂತ ತಿಳಿದುಕೊಳ್ಳಿ

ಮೆಗಾಪಿಕ್ಸೆಲ್ ಮರೆತುಬಿಡಿ. ಎರಡೇ ವಿಷಯ ನೋಡಿ: ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಎಷ್ಟು ದೊಡ್ಡದು, ಲೆನ್ಸ್ ಎಷ್ಟು ಬೆಳಕು ಒಳಗೆ ಬಿಡುತ್ತದೆ.

ಹಳೆಯ ಅಗ್ಗದ ಕಾಂಪ್ಯಾಕ್ಟ್‌ಗಳ ಸೆನ್ಸರ್ ಸುಮಾರು 28 ಚದರ ಮಿಮೀ. 2012ರಲ್ಲಿ ಬಂದ ಮೊದಲ ಆರ್‌ಎಕ್ಸ್100ರಲ್ಲಿ ಸೋನಿ 13.2×8.8 ಮಿಮೀ ಸೆನ್ಸರ್ ಹಾಕಿತು. ಒಂದು ಬೆರಳ ಉಗುರಿನಷ್ಟು ಅಂದುಕೊಳ್ಳಿ. ಇದಕ್ಕೇ 1 ಇಂಚಿನ ಸೆನ್ಸರ್ ಅನ್ನುತ್ತಾರೆ, ಇಂಚು ಹೆಸರಿಗೆ ಮಾತ್ರ. ವಿಸ್ತೀರ್ಣ 116 ಚದರ ಮಿಮೀ, ಅಂದರೆ ಹಳೆಯದರ ನಾಲ್ಕು ಪಟ್ಟು. ಎಲ್‌ಎಕ್ಸ್100ರಲ್ಲಿ ಅದಕ್ಕಿಂತ ದೊಡ್ಡದಾದ ಫೋರ್ ಥರ್ಡ್ಸ್ ಸೆನ್ಸರ್ ಇದೆ. ಜಿಆರ್ 3 ಮತ್ತು ಫ್ಯೂಜಿ ಎಕ್ಸ್100 ಸರಣಿಯಲ್ಲಿರುವುದು ಎಪಿಎಸ್-ಸಿ, ಸುಮಾರು 370 ಚದರ ಮಿಮೀ. ಮದುವೆ ಫೋಟೋಗ್ರಾಫರ್‌ಗಳ ಫುಲ್ ಫ್ರೇಮ್ 864.

ಇನ್ನು ಲೆನ್ಸ್. ಮುಂದಿನ ರಿಂಗ್ ಮೇಲೆ ಬರೆದಿರುವ 1.8-2.8 ಎನ್ನುವ ಅಂಕಿ ನೋಡಿ. ಜೂಮ್ ಮಾಡದಿದ್ದಾಗ ಎಫ್ 1.8, ಪೂರ್ತಿ ಎಳೆದಾಗ ಎಫ್ 2.8 ಎಂದು ಅದರ ಅರ್ಥ. ಎಫ್ ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ. 2014ರ ಆರ್‌ಎಕ್ಸ್100 3 ಹೀಗಿದೆ, 24ರಿಂದ 70 ಮಿಮೀ. ಜಿ7 ಎಕ್ಸ್ 2 ಕೂಡ ಇದೇ ಅಪರ್ಚರ್‌ನಲ್ಲಿ (ಬೆಳಕು ಬಿಡುವ ತೂತಿನ ಅಳತೆ) 100 ಮಿಮೀವರೆಗೆ ಹೋಗುತ್ತದೆ. 2019ರ ಆರ್‌ಎಕ್ಸ್100 7 ಬೇರೆ ಜಾತಿ: 24ರಿಂದ 200 ಮಿಮೀ, ಆದರೆ ಎಫ್ 2.8ರಿಂದ 4.5. ದೂರ ಜಾಸ್ತಿ, ಬೆಳಕು ಕಡಿಮೆ. ಇಲ್ಲಿ ಹೇಳುವ ಮಿಮೀ ಎಲ್ಲವೂ ಫುಲ್ ಫ್ರೇಮ್ ಲೆಕ್ಕದ್ದು; ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.

ನಿಮ್ಮ ಕ್ಯಾಮೆರಾದಲ್ಲಿ 1 ಇಂಚು ಅಥವಾ ಅದಕ್ಕಿಂತ ದೊಡ್ಡ ಸೆನ್ಸರ್, ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ರಾ ಫೈಲ್, ಅಪರ್ಚರ್ ನಾವೇ ಆರಿಸುವ ಎ ಮೋಡ್, ಈ ಮೂರೂ ಇದ್ದರೆ ಅದು ಸಮರ್ಥ ಕ್ಯಾಮೆರಾನೇ. ಅನುಮಾನ ಬೇಡ.

ಹಂತ 2: ಮನೆಯಲ್ಲೇ ಕೂತು ಸೆಟ್ಟಿಂಗ್ ಮುಗಿಸಿ

ಬಹಳ ಜನ ಒಳ್ಳೆಯ ಕ್ಯಾಮೆರಾ ತಂದು ಹಸಿರು ಆಟೋ ಮೋಡ್‌ನಲ್ಲೇ ಬಿಡುತ್ತಾರೆ. ಆಮೇಲೆ ಫೋನ್‌ಗಿಂತ ಏನೂ ವ್ಯತ್ಯಾಸ ಇಲ್ಲ ಅನ್ನುತ್ತಾರೆ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕು.

ಮೊದಲು ರಾ ಜೊತೆಗೆ ಜೆಪೆಗ್ ಆನ್ ಮಾಡಿ. ಮಲೆನಾಡಿನ ದೃಶ್ಯದಲ್ಲಿ ಬೆಳ್ಳನೆ ಆಕಾಶ ಮತ್ತು ಕಡುಹಸಿರು ಕಾಡು ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಎರಡನ್ನೂ ಉಳಿಸಿಕೊಳ್ಳಲು ರಾ ಬೇಕು. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ ಸಾಫ್ಟ್‌ವೇರ್‌ಗಳು, ಅವುಗಳಲ್ಲಿ ತೆರೆಯಬಹುದು.

ಮೋಡ್ ಡಯಲ್ ಎಗೆ ತಿರುಗಿಸಿ. ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಎಂದು ಹೇಳುವ ಐಎಸ್‌ಒ ಆಟೋ ಇರಲಿ, ಆದರೆ ಮೇಲಿನ ಮಿತಿ 3200 ಹಾಕಿ. ಕನಿಷ್ಠ ಶಟರ್ ವೇಗ ಹೊಂದಿಸುವ ಅವಕಾಶ ಇದ್ದರೆ 1/125 ಸೆಕೆಂಡ್ ಕೊಡಿ. ಜನರ ಫೋಟೋ ಅಲುಗುವುದು ಅರ್ಧಕ್ಕರ್ಧ ಇಲ್ಲೇ ನಿಲ್ಲುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಪ್ಲಸ್ ಕೊಟ್ಟರೆ ಚಿತ್ರ ಬೆಳಗುತ್ತದೆ, ಮೈನಸ್ ಕೊಟ್ಟರೆ ಕಪ್ಪಾಗುತ್ತದೆ) ಅನ್ನು ಬೆರಳಿಗೆ ಸುಲಭವಾಗಿ ಸಿಗುವ ಡಯಲ್ ಅಥವಾ ಲೆನ್ಸ್ ರಿಂಗ್‌ಗೆ ಕೊಡಿ. ನನ್ನ ಮಟ್ಟಿಗೆ ಇಡೀ ಕ್ಯಾಮೆರಾದಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಗುಂಡಿ ಇದು. ಬೀಪ್ ಶಬ್ದ, ಫೋಕಸ್‌ಗೆ ಉರಿಯುವ ಕೆಂಪು ದೀಪ ಎರಡನ್ನೂ ಆಫ್ ಮಾಡಿ. ದೇವಸ್ಥಾನದಲ್ಲಿ, ಬಯಲಾಟದಲ್ಲಿ ಅಕ್ಕಪಕ್ಕದವರು ಬೈಯುವುದಿಲ್ಲ.

ಕೈಪಟ್ಟಿ ಹಾಕಿಕೊಳ್ಳಿ. ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ, ಈ ಪುಟ್ಟ ಬ್ಯಾಟರಿಗಳು ಇನ್ನೂರು ಮುನ್ನೂರು ಫೋಟೋಗೆ ಸುಸ್ತಾಗುತ್ತವೆ.

ಹಂತ 3: ಶಿವಮೊಗ್ಗ ಪೇಟೆಯಲ್ಲಿ ಒಂದೇ ಅಳತೆ ಹಿಡಿದು ಓಡಾಡಿ

ಒಂದು ವಾರ ಜೂಮ್ ಮುಟ್ಟಬೇಡಿ. 35 ಅಥವಾ 50 ಮಿಮೀಗೆ ಇಟ್ಟು ಗಾಂಧಿ ಬಜಾರ್ ಸುತ್ತಿ. ಸ್ಟೆಪ್ ಜೂಮ್ ಎಂಬ ಸೆಟ್ಟಿಂಗ್ ಇದ್ದರೆ ಲೆನ್ಸ್ ನೇರ ಆ ಅಳತೆಗೇ ಬಂದು ನಿಲ್ಲುತ್ತದೆ. ಹತ್ತಿರ ಬೇಕಾದರೆ ಕಾಲು ಮುಂದಿಡಿ. ಅಂಗಡಿಯವರನ್ನು ಒಂದು ಮಾತು ಕೇಳಿ ತೆಗೆಯಿರಿ. ಸಣ್ಣ ಕ್ಯಾಮೆರಾ ಕಂಡರೆ ಯಾರೂ ಬಿಗಿಯಾಗುವುದಿಲ್ಲ, ಪೇಪರ್‌ನವರಾ ಎಂದು ಕೇಳುವುದಿಲ್ಲ. ಈ ಅನುಕೂಲ ದೊಡ್ಡ ಕ್ಯಾಮೆರಾಗೆ ಯಾವತ್ತೂ ಇಲ್ಲ. ಅಪ್‌ಗ್ರೇಡ್ ಲೆಕ್ಕ ಹಾಕುವಾಗ ಇದನ್ನು ನೆನಪಲ್ಲಿಡಿ.

ಹಂತ 4: ಜೋಗದಲ್ಲಿ ಬೆಳಕು ಅಳೆಯಲು ಕಲಿಯಿರಿ

ಶರಾವತಿ 253 ಮೀಟರ್ ಎತ್ತರದಿಂದ ಧುಮುಕುವ ಜಾಗ ಕ್ಯಾಮೆರಾದ ಮೀಟರ್‌ಗೆ ಒಳ್ಳೆಯ ಪರೀಕ್ಷೆ. ಬಿಳಿ ನೀರು, ಕಪ್ಪು ಬಂಡೆ, ಅದರ ಮೇಲೆ ಕ್ಷಣಕ್ಕೊಮ್ಮೆ ಬಂದುಹೋಗುವ ಮಂಜು. ಲಿಂಗನಮಕ್ಕಿ ಅಣೆಕಟ್ಟು ಮೇಲಿರುವುದರಿಂದ ನೀರಿನ ಪ್ರಮಾಣ ಮಳೆ ನೋಡಿ, ಅಣೆಕಟ್ಟು ನೋಡಿ ಬದಲಾಗುತ್ತದೆ. ಆಗಸ್ಟ್, ಸೆಪ್ಟೆಂಬರ್ ನಂಬಬಹುದಾದ ತಿಂಗಳು.

ಕಪ್ಪು ಬಂಡೆ ಜಾಸ್ತಿ ಇದ್ದರೆ ಮೀಟರ್ ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ, ನೀರು ಸುಣ್ಣದ ಗೋಡೆಯಾಗುತ್ತದೆ. ಮೈನಸ್ 0.7 ಕೊಡಿ, ಸಾಲದಿದ್ದರೆ ಮೈನಸ್ 1. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕರಲ್ಲೂ ನೀರಿನ ಎಳೆ ಬೇರೆ ಬೇರೆಯಾಗಿ ಕಾಣಬೇಕು. ಮಂಜು ಮುಚ್ಚಿದಾಗ ಉಲ್ಟಾ. ಮೀಟರ್ ಅದನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಆಗ ಪ್ಲಸ್ 0.7 ಬೇಕು. ಮಂಜಿನಲ್ಲಿ ಫೋಕಸ್ ಒದ್ದಾಡಿದರೆ ಹತ್ತಿರದ ಮರದ ಅಂಚನ್ನು ಬಿಟ್ಟು ದೂರದ ಬಂಡೆಯ ಅಂಚನ್ನು ಹಿಡಿಯಿರಿ, ಗುಂಡಿ ಅರ್ಧ ಒತ್ತಿಕೊಂಡೇ ಚೌಕಟ್ಟು ಸರಿಮಾಡಿ.

ನೀರನ್ನು ರೇಷ್ಮೆಯಂತೆ ಕಾಣಿಸುವ ಆಸೆ ಎಲ್ಲರಿಗೂ ಇರುತ್ತದೆ. ಆರ್‌ಎಕ್ಸ್100 3, ಜಿ7 ಎಕ್ಸ್ 2ರಲ್ಲಿ ಒಳಗೇ ಎನ್‌ಡಿ ಫಿಲ್ಟರ್ ಇದೆ, ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುತ್ತದೆ. ಮೋಡ ದಟ್ಟವಾಗಿದ್ದಾಗ ಎಫ್ 5.6, ಕಡಿಮೆ ಐಎಸ್‌ಒ, ಎನ್‌ಡಿ ಆನ್ ಅಂದರೆ 1/4 ಸೆಕೆಂಡ್ ಆಸುಪಾಸು ಸಿಗುತ್ತದೆ. ಪುಟ್ಟ ಟ್ರೈಪಾಡ್ ಕಟ್ಟೆಯ ಮೇಲಿಟ್ಟು 2 ಸೆಕೆಂಡ್ ಟೈಮರ್ ಹಾಕಿ. ಇನ್ನೂ ನಿಧಾನ ಬೇಕೆಂದು ಎಫ್ 11ಕ್ಕೆ ಹೋಗಬೇಡಿ. 1 ಇಂಚಿನ ಸೆನ್ಸರ್‌ನಲ್ಲಿ ಎಫ್ 8 ದಾಟಿದರೆ ಬೆಳಕು ಸಣ್ಣ ತೂತಿನಲ್ಲಿ ಬಾಗಿ ಚಿತ್ರ ಮಸುಕಾಗುತ್ತದೆ.

ಆದರೆ ಒಂದು ಮಾತು. ತುಂಬಿದ ಜೋಗವನ್ನು ರೇಷ್ಮೆ ಮಾಡುವುದು ನನಗೆ ಹಿಡಿಸುವುದಿಲ್ಲ. ಆ ರಭಸಕ್ಕೆ 1/500 ಚೆನ್ನಾಗಿ ಒಪ್ಪುತ್ತದೆ. ಐಎಸ್‌ಒ 400ಕ್ಕೆ ಏರಿದರೂ ಏನೂ ಆಗುವುದಿಲ್ಲ. ರೇಷ್ಮೆ ಬೇಕಾದರೆ ತೋಟದ ಪಕ್ಕ ಹರಿಯುವ ಸಣ್ಣ ಹಳ್ಳಕ್ಕೆ ಹೋಗಿ.

ಹಂತ 5: ಅಡಿಕೆ ಸುಲಿಯುವ ಜಗಲಿ ಮತ್ತು ಆಟದ ರಂಗಸ್ಥಳ

ಕತ್ತಲಲ್ಲಿ ನಿಮ್ಮ ಕ್ಯಾಮೆರಾದ ನಿಜವಾದ ಮಿತಿ ತಿಳಿಯಲು ಈ ಎರಡು ಜಾಗ ಸಾಕು.

ಅಡಿಕೆ ಗೊನೆ ಕೊಯ್ಲಿನ ದಿನಗಳಲ್ಲಿ ಸಂಜೆ ಜಗಲಿಯಲ್ಲೋ ಅಂಗಳದಲ್ಲೋ ಬಲ್ಬ್ ಕೆಳಗೆ ಸುಲಿಯುವವರ ಸಾಲು ಕೂರುತ್ತದೆ. ಪಕ್ಕದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಹಬೆ, ಬೆಂಕಿ, ಮಾತು. ಇಲ್ಲಿ ಜೂಮ್ ಮಾಡಬೇಡಿ. 24 ಮಿಮೀನಲ್ಲಿ ಎಫ್ 1.8 ಇರುವ ಲೆನ್ಸ್ 70ರಲ್ಲಿ ಎಫ್ 2.8 ಆಗುತ್ತದೆ, ಅಂದರೆ ಬರುವ ಬೆಳಕು ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಹತ್ತಿರ ಹೋಗಿ, ಅವರ ಎತ್ತರಕ್ಕೆ ಕೂತುಕೊಳ್ಳಿ. ಎಲ್‌ಇಡಿ ಮತ್ತು ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಬೆಳಕು ಸಮವಾಗಿ ಬರುತ್ತದೆ. ಸೈಲೆಂಟ್ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಅಡ್ಡಡ್ಡ ಪಟ್ಟೆ ಬೀಳಬಹುದು, ಮೆಕಾನಿಕಲ್‌ಗೆ ಬದಲಿಸಿ. ಬೆಂಕಿಯ ಕೆಂಪು ಇಷ್ಟವಾದರೆ ವೈಟ್ ಬ್ಯಾಲೆನ್ಸ್ ಅನ್ನು ಬಿಸಿಲಿಗೆ ಇಡಿ, ಆಟೋ ಅದನ್ನು ತಣ್ಣಗೆ ಮಾಡಿಬಿಡುತ್ತದೆ. ಕೈಗಳು ಚಲಿಸುತ್ತಿರುತ್ತವೆ, ಸ್ವಲ್ಪ ಕದಲಿದರೆ ಕದಲಲಿ. ಮುಖ ಚೊಕ್ಕವಾಗಿದ್ದರೆ ಸಾಕು. ಇಲ್ಲಿ 1 ಇಂಚಿನ ಕಾಂಪ್ಯಾಕ್ಟ್ ಗೆಲ್ಲುತ್ತದೆ.

ಯಕ್ಷಗಾನದಲ್ಲಿ ಸೋಲುತ್ತದೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಒಂದು ರಾತ್ರಿ ಹೋಗಿ ನೋಡಿ. ಧೀಂಗಣ ಹೊಡೆಯುವ ವೇಷಕ್ಕೆ 1/250 ಆದರೂ ಬೇಕು. ಜನರ ಹಿಂದೆ ಕೂತು ಜೂಮ್ ಎಳೆದರೆ ನಾವು ಹಾಕಿದ ಮಿತಿ ಸಾಲದೆ ಐಎಸ್‌ಒ 6400 ಬೇಕಾಗುತ್ತದೆ, ಕಿರೀಟದ ಕುಸುರಿಯೆಲ್ಲ ಮರಳು ಮರಳು. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತರೆ ಪರವಾಗಿಲ್ಲ. ವೇಷ ತಿರುಗಿ ಒಂದು ಕ್ಷಣ ನಿಲ್ಲುತ್ತದಲ್ಲ, ಆಗ ಒತ್ತಿ. ಇನ್ನು ಚೌಕಿ. ಬಣ್ಣ ಹಚ್ಚಿಕೊಳ್ಳುವ ಕಲಾವಿದರು, ಕನ್ನಡಿ, ಹತ್ತಿರದ ದೀಪ. ಅನುಮತಿ ಕೇಳಿ ಒಳಗೆ ಹೋದರೆ ಜೇಬಿನ ಕ್ಯಾಮೆರಾಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಫ್ಲ್ಯಾಶ್ ಮಾತ್ರ ಖಂಡಿತ ಬೇಡ.

ಹಂತ 6: ಕಲ್ಲು, ಕಪ್ಪೆ, ಅಣಬೆ

ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ಮತ್ತು ವೀರಭದ್ರ ಗುಡಿಗಳು ಸಾಗರದ ಸುತ್ತಲೇ ಇವೆ. ಕಲ್ಲು ಅಲುಗುವುದಿಲ್ಲ, ಹಾಗಾಗಿ ಕತ್ತಲೆಗೆ ಹೆದರಬೇಕಿಲ್ಲ. ಸ್ಟೆಬಿಲೈಸೇಷನ್ ಆನ್ ಇರಲಿ, ಮೊಣಕೈ ಪಕ್ಕೆಗೆ ಒತ್ತಿಕೊಂಡರೆ 1/10 ಸೆಕೆಂಡ್ ಕೂಡ ನಿಲ್ಲುತ್ತದೆ. ಕೆಳದಿಯ ಛಾವಣಿಯ ಗಂಡಭೇರುಂಡಕ್ಕೆ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ ಟೈಮರ್ ಹಾಕಿದರೆ ಟ್ರೈಪಾಡ್ ಬೇಕೇ ಇಲ್ಲ. ಹೊರಗೋಡೆಯ ಶಿಲ್ಪಕ್ಕೆ ಬೆಳಗಿನ ಓರೆ ಬಿಸಿಲು ಬೇಕು, ನಡುಮಧ್ಯಾಹ್ನ ಎಲ್ಲ ಚಪ್ಪಟೆ.

ಮಳೆಗಾಲದ ಆಗುಂಬೆ ಕಡೆ ಸೂರ್ಯಾಸ್ತಕ್ಕೆ ಹೋದರೆ ಬಿಳಿ ಮೋಡ ಮಾತ್ರ ಸಿಗುತ್ತದೆ. ನೆಲ ನೋಡಿ. ಅಣಬೆ, ಪಾಚಿ, ಎಲೆ ಮೇಲಿನ ಪುಟಾಣಿ ಕಪ್ಪೆ. ಈ ಕ್ಯಾಮೆರಾಗಳು ವೈಡ್‌ನಲ್ಲಿ 5 ಸೆಂಮೀವರೆಗೂ ಹತ್ತಿರ ಹೋಗುತ್ತವೆ, ಜೂಮ್ ಎಳೆದರೆ 30-40 ಸೆಂಮೀ ದೂರ ಕೇಳುತ್ತವೆ. ಸಣ್ಣ ಸೆನ್ಸರ್‌ನ ಒಂದು ಲಾಭ ಇಲ್ಲಿದೆ. ಅದೇ ಅಪರ್ಚರ್‌ಗೆ ದೊಡ್ಡ ಕ್ಯಾಮೆರಾಗಿಂತ ಜಾಸ್ತಿ ಆಳ ಚೊಕ್ಕವಾಗಿ ಬರುತ್ತದೆ. ಅಣಬೆಯೂ ಸ್ಪಷ್ಟ, ಹಿಂದಿನ ಕಾಡೂ ಗುರುತು ಸಿಗುತ್ತದೆ. ಎಫ್ 4 ಸಾಕು. ಲೆನ್ಸಿನ ನೆರಳು ಬೀಳದಂತೆ ಪಕ್ಕದಿಂದ ಸಣ್ಣ ಟಾರ್ಚ್ ಹಿಡಿಯಿರಿ. ಕಪ್ಪೆಯನ್ನು ಮುಟ್ಟಿ ಕೂರಿಸುವ ಕೆಲಸ ಬೇಡ. ಇಂಬಳ ನಿಮ್ಮನ್ನು ಮುಟ್ಟುತ್ತದೆ, ಅದಕ್ಕೇನೂ ಮಾಡುವ ಹಾಗಿಲ್ಲ.

ಕವಲೇದುರ್ಗದ ಕೋಟೆಯ ಮೇಲೆ ಮನೆಯವರನ್ನು ಆಕಾಶದ ಎದುರು ನಿಲ್ಲಿಸಿ ತೆಗೆಯುವಾಗ ಮುಖ ಕಪ್ಪಾಗುತ್ತದೆ ಅಲ್ವಾ? ಫ್ಲ್ಯಾಶ್ ಎತ್ತಿ. ಆರ್‌ಎಕ್ಸ್100, ಜಿ7 ಎಕ್ಸ್‌ಗಳ ಶಟರ್ ಲೆನ್ಸಿನೊಳಗೇ ಇರುವುದರಿಂದ 1/1000ದಲ್ಲೂ ಫ್ಲ್ಯಾಶ್ ಹೊಂದಿಕೊಳ್ಳುತ್ತದೆ. ದೊಡ್ಡ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇದು 1/200, 1/250ಕ್ಕೇ ನಿಲ್ಲುತ್ತದೆ. ಹೆಚ್ಚಿನವರಿಗೆ ತಮ್ಮ ಕ್ಯಾಮೆರಾದ ಈ ಶಕ್ತಿಯೇ ಗೊತ್ತಿಲ್ಲ.

ಹಂತ 7: ಮಂಡಗದ್ದೆಯಲ್ಲಿ ಮಿತಿ ಒಪ್ಪಿಕೊಳ್ಳಿ

ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯಲ್ಲಿ ಮೊದಲು ಸಕ್ರೆಬೈಲು, ಆಮೇಲೆ ಮಂಡಗದ್ದೆ. ಒಂದೇ ಬೆಳಗ್ಗೆ ಎರಡನ್ನೂ ಮಾಡಬಹುದು. ಸಕ್ರೆಬೈಲಿನಲ್ಲಿ ಆನೆ ಮೀಯಿಸುವಾಗ 24-70 ಧಾರಾಳ ಸಾಕು. ಒದ್ದೆ ಆನೆ ಕಪ್ಪಾಗಿರುವುದರಿಂದ ಮೈನಸ್ 0.7 ಮರೆಯಬೇಡಿ.

ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಇಲ್ಲಿ ಸುಮ್ನೆ ಒಂದು ಲೆಕ್ಕ ಹಾಕೋಣ. 65 ಸೆಂಮೀ ಉದ್ದದ ಬೆಳ್ಳಕ್ಕಿ 50 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. 20 ಮೆಗಾಪಿಕ್ಸೆಲ್ ಚಿತ್ರದ ಅಗಲ 5472 ಪಿಕ್ಸೆಲ್. 70 ಮಿಮೀನಲ್ಲಿ ಹಕ್ಕಿ ಸಿಗುವುದು ಸುಮಾರು 140 ಪಿಕ್ಸೆಲ್, ಅಂದರೆ ಚೌಕಟ್ಟಿನ ನಲವತ್ತನೇ ಒಂದು ಭಾಗ. 200 ಮಿಮೀನಲ್ಲಿ 400. 600 ಮಿಮೀನಲ್ಲಿ ಸುಮಾರು 1200. ಡಿಜಿಟಲ್ ಜೂಮ್ ಈ ಲೆಕ್ಕವನ್ನು ಬದಲಿಸುವುದಿಲ್ಲ, ಇರುವ 140 ಪಿಕ್ಸೆಲನ್ನೇ ಹಿಗ್ಗಿಸುತ್ತದೆ.

ಹಾಗಾಗಿ ಹಕ್ಕಿಯ ಕಣ್ಣು ಬೇಕು ಅನ್ನುವವರಿಗೆ ಈ ಕ್ಯಾಮೆರಾ ಆಗುವುದಿಲ್ಲ. ಹೊಳೆ, ಮುಳುಗಿದ ಮರ, ಅದರ ತುಂಬ ಬಿಳಿ ಚುಕ್ಕೆಗಳು ಎಂದು ನೋಡುವವರಿಗೆ ಆಗುತ್ತದೆ. ನೀವು ಯಾರು ಎಂಬುದು ಅಲ್ಲಿ ಅರ್ಧ ಗಂಟೆ ನಿಂತರೆ ನಿಮಗೇ ಗೊತ್ತಾಗುತ್ತದೆ.

ಹಂತ 8: ಬೂಷ್ಟಿನಿಂದ ಕಾಪಾಡಿ

ಮಲೆನಾಡಿನಲ್ಲಿ ಕ್ಯಾಮೆರಾ ಸಾಯುವುದು ಬಿದ್ದು ಅಲ್ಲ, ಬೀರುವಿನೊಳಗೆ ಬೂಷ್ಟು ಹಿಡಿದು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವಾಂಶ ಶೇ. 90 ದಾಟುವುದು ಮಾಮೂಲಿ. ಲೆನ್ಸ್ ಗಾಜಿನ ಮೇಲೆ ಶಿಲೀಂಧ್ರ ಬೆಳೆಯಲು ಶೇ. 65 ಸಾಕು. ಒಮ್ಮೆ ಬಲೆ ಹಬ್ಬಿತೆಂದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಕಾಂಪ್ಯಾಕ್ಟ್‌ನ ಲೆನ್ಸ್ ಬಿಚ್ಚಲು ಬರುವುದಿಲ್ಲ, ಹಾಗಾಗಿ ಒಳಗಿನ ಬೂಷ್ಟು ತೆಗೆಸುವ ಖರ್ಚು ಕ್ಯಾಮೆರಾದ ಬೆಲೆಯನ್ನೇ ಅಣಕಿಸುತ್ತದೆ.

ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತನ್ನಿ. ರಬ್ಬರ್ ಪಟ್ಟಿ ಇರುವಂಥದ್ದು. ಒಳಗೆ ಸಿಲಿಕಾ ಜೆಲ್ ಚೀಲ ಮತ್ತು ಪುಟ್ಟ ತೇವಾಂಶ ಮೀಟರ್ ಇಡಿ. ಮುಳ್ಳು ಶೇ. 40ರಿಂದ 50ರ ನಡುವೆ ನಿಲ್ಲಬೇಕು. ತೀರಾ 30ಕ್ಕಿಂತ ಕೆಳಗೂ ಬೇಡ, ರಬ್ಬರು ಗ್ರೀಸು ಒಣಗುತ್ತದೆ. ಜೆಲ್ ಬಣ್ಣ ಬದಲಾದಾಗ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆ ಬಾಣಲೆಯಲ್ಲಿ ಹುರಿಯಬೇಡಿ. ಕಿತ್ತಳೆ ಬಣ್ಣದ್ದು ಕೊಳ್ಳಿ.

ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯ ಎಲ್ಲರೂ ಹೇಳುತ್ತಾರೆ. ಅಕ್ಕಿಯ ಧೂಳು ಲೆನ್ಸ್ ಸಂದಿಗೆ ಹೋಗುತ್ತದೆ, ಬೇಡ. ಬಚ್ಚಲೊಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡುವುದೂ ಬೇಡ, ಹೊಗೆ ಇದೆ. ಬಟ್ಟೆ ಅಥವಾ ಚರ್ಮದ ಚೀಲದೊಳಗೆ ಇಟ್ಟು ಮರೆಯುವುದು ಎಲ್ಲಕ್ಕಿಂತ ಕೆಟ್ಟದ್ದು, ಬೂಷ್ಟು ಅಲ್ಲಿಂದಲೇ ಶುರು. ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸಿ.

ಮಳೆಯಲ್ಲಿ ತೆಗೆಯುವಾಗ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಕ್ಯಾಮೆರಾ. ದೊಡ್ಡದರಲ್ಲಿ ಇದು ಆಗದ ಮಾತು. ಲೆನ್ಸ್ ಕೊಳವೆ ಒದ್ದೆಯಾಗಿದ್ದರೆ ಒಳಗೆ ಹೋಗಲು ಬಿಡುವ ಮೊದಲು ಒರೆಸಿ. ಹನಿಯನ್ನು ಅದೇ ಒಳಗೆ ಎಳೆದುಕೊಳ್ಳುತ್ತದೆ. ಎಸಿ ಕಾರಿನಿಂದ ಇಳಿಯುವ ಮೊದಲು ಜಿಪ್ ಕವರ್‌ಗೆ ಹಾಕಿ, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ. ಇಲ್ಲದಿದ್ದರೆ ಗಾಜಿನ ಮೇಲೆ ಹಬೆ ಕಟ್ಟುತ್ತದೆ.

ಹಂತ 9: ಕೆಟ್ಟ ಫೋಟೋಗಳನ್ನು ರಾಶಿ ಹಾಕಿ

ಇದು ಈ ಬರಹದ ಮುಖ್ಯ ಕೆಲಸ. ವರ್ಷದುದ್ದಕ್ಕೂ ಕೆಟ್ಟ ಫೋಟೋ ಅಳಿಸಬೇಡಿ, ಒಂದು ಫೋಲ್ಡರ್‌ಗೆ ಹಾಕಿ. ಮೂರ್ನಾಲ್ಕು ಸೆಕೆಂಡ್ ನೋಡಿ ಛೇ ಅನ್ನಿಸಿದವು ಮಾತ್ರ. ನಿಜವಾಗಿಯೂ ಬೇಕಿತ್ತು, ಸಿಗಲಿಲ್ಲ ಅನ್ನುವಂಥವು. ಆಮೇಲೆ ಒಂದು ಮಧ್ಯಾಹ್ನ ಕೂತು ಅವನ್ನು ಕಾರಣಕ್ಕೆ ತಕ್ಕಂತೆ ಹಂಚಿ.

ದೂರ ಸಾಲಲಿಲ್ಲ ಎಂಬುದೊಂದು ರಾಶಿ. ಕತ್ತಲೆಗೆ ಮರಳು ಮರಳಾಯಿತು ಎಂಬುದು ಇನ್ನೊಂದು. ಫೋಕಸ್ ತಡವಾಯಿತು, ಓಡುವ ಮಗು ಚೌಕಟ್ಟಿನಿಂದ ಹೊರಗೇ ಹೋಯಿತು. ಮಳೆಗೆ ಹೆದರಿ ಕ್ಯಾಮೆರಾ ತೆಗೆಯಲೇ ಇಲ್ಲ. ಇವಿಷ್ಟೂ ಕ್ಯಾಮೆರಾದ ಕಡೆಯವು. ಉಳಿದವು ನಮ್ಮ ಕಡೆಯವು: ಶಟರ್ ವೇಗ ನೋಡಲಿಲ್ಲ, ಬೆಳಕು ಹಿಂದಿನಿಂದ ಬಂತು, ತಂತಿ ಕಂಬ ತಲೆಯ ಮೇಲೆ ಎದ್ದಿದೆ, ಸುಮ್ನೆ ದೃಶ್ಯದಲ್ಲೇ ಏನಿರಲಿಲ್ಲ. ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗಿದ್ದೆ ಎಂಬುದಕ್ಕೆ ಫೋಟೋ ಇರುವುದಿಲ್ಲ, ಅದನ್ನು ಚೀಟಿಯಲ್ಲಿ ಬರೆದಿಡಿ.

ಒಳ್ಳೆಯ ಫೋಟೋಗಳನ್ನೂ ಒಂದು ಸಲ ಸೋಸಿ. ಡಿಜಿಕ್ಯಾಮ್ ಎಂಬ ಉಚಿತ ಸಾಫ್ಟ್‌ವೇರ್ ಫೋಟೋದೊಳಗಿನ ಮಾಹಿತಿ ಓದಿ ಎಷ್ಟು ಮಿಮೀ, ಎಷ್ಟು ಐಎಸ್‌ಒ ಎಂದು ಹುಡುಕಿಕೊಡುತ್ತದೆ. ಮೆಚ್ಚಿನವೆಲ್ಲ 24ರಿಂದ 35ರ ನಡುವೆ ಇದ್ದರೆ ಉದ್ದ ಜೂಮ್‌ಗೆ ಹಣ ಹಾಕುವ ಮುನ್ನ ಎರಡು ಸಲ ಯೋಚಿಸಿ. ಎಲ್ಲವೂ ಜೂಮಿನ ತುದಿಯಲ್ಲೇ ಇದ್ದು, ಅದನ್ನೂ ಕತ್ತರಿಸಿ ದೊಡ್ಡದು ಮಾಡಿದ್ದರೆ ಬೇರೆ ಮಾತು.

ನಮ್ಮ ಕಡೆಯ ರಾಶಿ ದೊಡ್ಡದಿದ್ದರೆ ಇಲ್ಲಿಗೇ ನಿಲ್ಲಿಸಿ. ಆ ದುಡ್ಡಲ್ಲಿ ಕೊಡಚಾದ್ರಿಗೆ ಹೋಗಿ ಬನ್ನಿ.

ಹಂತ 10: ಯಾವ ರಾಶಿಗೆ ಯಾವ ದಾರಿ

ದೂರದ ರಾಶಿ ದೊಡ್ಡದಿದ್ದರೆ ಲೆನ್ಸ್ ಬಿಚ್ಚಲು ಬಾರದ, ಉದ್ದ ಜೂಮ್ ಇರುವ ಬ್ರಿಜ್ ಕ್ಯಾಮೆರಾ ನೋಡಿ. ಸೋನಿ ಆರ್‌ಎಕ್ಸ್10 4ರಲ್ಲಿ ಅದೇ 1 ಇಂಚಿನ ಸೆನ್ಸರ್, 24ರಿಂದ 600 ಮಿಮೀ, ತೂಕ 1 ಕಿಲೋಗಿಂತ ಸ್ವಲ್ಪ ಜಾಸ್ತಿ. ನಿಕಾನ್ ಪಿ950 ಬರೋಬ್ಬರಿ 2000 ಮಿಮೀ ಕೊಡುತ್ತದೆ, ಆದರೆ ಸೆನ್ಸರ್ ಪುಟ್ಟದು. ಮಂಡಗದ್ದೆಯ ಬಯಲು ಬೆಳಕಲ್ಲಿ ನಡೆಯುತ್ತದೆ, ಆಗುಂಬೆ ಕಾಡಿನ ನೆರಳಲ್ಲಿ ಕಷ್ಟ. ಹಕ್ಕಿಯೇ ಜೀವ ಅನ್ನುವವರಿಗೆ ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ ಮತ್ತು 100-400 ಲೆನ್ಸ್. ಹೆಗಲು ಗಟ್ಟಿ ಇರಲಿ.

ಕತ್ತಲೆಯ ರಾಶಿ ದೊಡ್ಡದಿದ್ದರೆ ಇಲ್ಲೊಂದು ಗುಂಡಿ ಇದೆ, ಜನ ಬೀಳುವುದು ಇದರಲ್ಲೇ. ಅಂಗಡಿಯಲ್ಲಿ ಎಪಿಎಸ್-ಸಿ ಮಿರರ್‌ಲೆಸ್ ಜೊತೆ ಕಿಟ್ ಲೆನ್ಸ್ ಕೊಡುತ್ತಾರೆ, ಎಫ್ 3.5-5.6. ಸೆನ್ಸರ್ ನಿಮ್ಮದಕ್ಕಿಂತ ಮೂರು ಪಟ್ಟು ದೊಡ್ಡದು, ಅದು ಸರಿ. ಸುಮಾರು ಒಂದೂಮುಕ್ಕಾಲು ಸ್ಟಾಪ್ ಲಾಭ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು). ಆದರೆ ಜೂಮ್ ತುದಿಯಲ್ಲಿ ಆ ಲೆನ್ಸ್ ಎಫ್ 5.6, ನಿಮ್ಮ ಕಾಂಪ್ಯಾಕ್ಟ್ ಎಫ್ 2.8. ಎರಡು ಸ್ಟಾಪ್ ನಷ್ಟ. ಅಲ್ಲಿಗೆ ಲೆಕ್ಕ ಸಮ, ಬಹುಶಃ ಒಂದು ಕೂದಲು ಹಿಂದೆಯೇ. ಅಷ್ಟು ದುಡ್ಡು ಕೊಟ್ಟು, ದಪ್ಪದ್ದು ಹೊತ್ತು, ಅದೇ ಮರಳು ಫೋಟೋ!

ಅದರ ಬದಲು ಎಫ್ 1.8 ಅಥವಾ 1.4ರ, ಜೂಮ್ ಇಲ್ಲದ ಒಂದು ಪ್ರೈಮ್ ಲೆನ್ಸ್ ಸೇರಿಸಿದರೆ ಚಿತ್ರವೇ ಬೇರೆ. 50 ಮಿಮೀ ನೋಟಕ್ಕೆ ಕಾಂಪ್ಯಾಕ್ಟ್‌ನ ಎಫ್ 2.8ಕ್ಕೂ ಎಪಿಎಸ್-ಸಿಯ ಎಫ್ 1.8ಕ್ಕೂ ಹತ್ತಿರ ಹತ್ತಿರ 3 ಸ್ಟಾಪ್ ಅಂತರ, ಅಂದರೆ ಎಂಟು ಪಟ್ಟು. 6400ರಲ್ಲಿ ಕೆಡುತ್ತಿದ್ದ ಬಯಲಾಟದ ಫೋಟೋ ಆಗ ನಿಲ್ಲುತ್ತದೆ. ಕೊಳ್ಳುವುದಾದರೆ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಳೆಯದಿರಲಿ, ಲೆನ್ಸ್ ಒಳ್ಳೆಯದಿರಲಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಫೋಕಸ್ ರಾಶಿಗೆ ಕಾಂಪ್ಯಾಕ್ಟ್ ಒಳಗೇ ಉತ್ತರ ಇದೆ. ಆರ್‌ಎಕ್ಸ್100ರ ಮೊದಲ ನಾಲ್ಕು ಮಾದರಿಗಳಲ್ಲಿ ಇರುವುದು ಹಿಂದೆ ಮುಂದೆ ತಡಕಾಡಿ ಹಿಡಿಯುವ ಕಾಂಟ್ರಾಸ್ಟ್ ಫೋಕಸ್. 5ರಿಂದ ಮುಂದೆ ಚುರುಕಾಗಿ ನೇರ ಹಿಡಿಯುವ ಫೇಸ್ (phase, ಮುಖ ಅಲ್ಲ) ಡಿಟೆಕ್ಷನ್ ಬಂತು. ಮಕ್ಕಳ ಹಿಂದೆ ಓಡುವವರಿಗೆ ಆ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಮಳೆಯ ರಾಶಿಗೆ ಓಎಂ ಸಿಸ್ಟಮ್ ಟಿಜಿ-7 ಥರದ್ದು. 15 ಮೀಟರ್ ನೀರಿನೊಳಗೂ ತಡೆಯುತ್ತದೆ, 1 ಸೆಂಮೀ ಹತ್ತಿರದ ಕಪ್ಪೆಯನ್ನೂ ಹಿಡಿಯುತ್ತದೆ. ಆದರೆ ಸೆನ್ಸರ್ ನಿಮ್ಮದಕ್ಕಿಂತ ಸಣ್ಣದು. ಇದು ಅಪ್‌ಗ್ರೇಡ್ ಅಲ್ಲ, ಜೊತೆಗಾರ.

ಕ್ಯಾಮೆರಾ ಮನೆಯಲ್ಲೇ ಉಳಿಯಿತು ಎನ್ನುವ ಚೀಟಿಗಳೇ ಜಾಸ್ತಿ ಇದ್ದರೆ ದೊಡ್ಡದು ಕೊಂಡರೆ ಇನ್ನೂ ಜಾಸ್ತಿಯಾಗುತ್ತವೆ. ಆರ್‌ಎಕ್ಸ್100 3ರ ತೂಕ 290 ಗ್ರಾಂ. ಅದನ್ನೇ ಒಯ್ಯದವರು ಒಂದೂವರೆ ಕಿಲೋ ಚೀಲ ಒಯ್ಯುತ್ತಾರಾ? ಜೂಮ್ ಅಷ್ಟಾಗಿ ಬಳಸದವರಿಗೆ 257 ಗ್ರಾಂನ ರಿಕೋ ಜಿಆರ್ 3 ಇದೆ: ಎಪಿಎಸ್-ಸಿ ಸೆನ್ಸರ್, 28 ಮಿಮೀ ಒಂದೇ ನೋಟ, ಪ್ಯಾಂಟಿನ ಜೇಬಿಗೆ ಇಳಿಯುತ್ತದೆ. ಅದರಲ್ಲಿ ಫ್ಲ್ಯಾಶ್ ಇಲ್ಲ, ಮಳೆ ತಡೆಯುವ ಕಟ್ಟುಮಸ್ತೂ ಇಲ್ಲ. ಫ್ಯೂಜಿ ಎಕ್ಸ್100 6 ಸುಂದರಿ, 521 ಗ್ರಾಂ, ಬೆಲೆ ಮಾತ್ರ ಬೆವರಿಳಿಸುತ್ತದೆ.

ಬೆಲೆ ಲೆಕ್ಕಕ್ಕೆ ಬಾಡಿಯ ಬೆಲೆ ಒಂದನ್ನೇ ಹಿಡಿಯಬೇಡಿ. ಲೆನ್ಸ್, ಕಾರ್ಡ್, ಬ್ಯಾಟರಿ, ಚೀಲ ಸೇರಿಸಿ. ಲೆನ್ಸ್ ಎರಡು ಮೂರಾದರೆ ಡಬ್ಬಿ ಸಾಲುವುದಿಲ್ಲ, ಕರೆಂಟಿನ ಡ್ರೈ ಕ್ಯಾಬಿನೆಟ್ ಬೇಕಾಗುತ್ತದೆ. ಮಲೆನಾಡಿನಲ್ಲಿ ಅದು ಐಷಾರಾಮ ಅಲ್ಲ.

ಹಂತ 11: ಬಾಡಿಗೆಗೆ ತಂದು ನೋಡಿ, ಆಮೇಲೆ ಕೊಳ್ಳಿ

ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಮನಸ್ಸಲ್ಲಿರುವ ಕ್ಯಾಮೆರಾವನ್ನೇ ವಾರಾಂತ್ಯಕ್ಕೆ ತನ್ನಿ. ಊರಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯರಿದ್ದರೆ ಇನ್ನೂ ಸುಲಭ. ಅದನ್ನು ಹೊತ್ತು 1343 ಮೀಟರ್ ಎತ್ತರದ ಕೊಡಚಾದ್ರಿ ಹತ್ತಿ, ಕೊನೆಯ ಏರಿನಲ್ಲಿ ಚೀಲದಿಂದ ಹೊರಗೆ ತೆಗೆಯುವ ಉತ್ಸಾಹ ಉಳಿದಿದೆಯಾ ನೋಡಿ. ಸಂಜೆ ಅದೇ ಜಗಲಿಗೆ, ಅದೇ ಆಟಕ್ಕೆ ಎರಡೂ ಕ್ಯಾಮೆರಾ ಒಯ್ದು ಒಂದೇ ಜಾಗದಿಂದ ತೆಗೆಯಿರಿ. ಫೋಟೋಗಳನ್ನು ಶೇ. 100 ಹಿಗ್ಗಿಸಿ ನೋಡಬೇಡಿ, ನೀವು ನಿಜಕ್ಕೂ ನೋಡುವ ಅಳತೆಯಲ್ಲಿ ಪಕ್ಕಪಕ್ಕ ಇಡಿ. ಮನೆಯವರಿಗೆ ತೋರಿಸಿ ಯಾವುದು ಯಾವುದೆಂದು ಕೇಳಿ. ಅವರು ಗುರುತಿಸದಿದ್ದರೆ ಸದ್ಯಕ್ಕೆ ಹಣ ಬ್ಯಾಂಕಿನಲ್ಲಿರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಟಾರ್ಚ್ ಒಯ್ಯಿರಿ. ಲೆನ್ಸ್‌ಗೆ ಓರೆಯಾಗಿ ಬೆಳಕು ಬಿಟ್ಟರೆ ಜೇಡರ ಬಲೆಯಂಥ ಎಳೆ ಕಾಣುತ್ತದಾ ನೋಡಿ. ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಎಫ್ 11ರಲ್ಲಿ ಬೆಳ್ಳನೆ ಆಕಾಶದ ಫೋಟೋ ತೆಗೆಯಿರಿ, ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಬೀಳುತ್ತದೆ. ಜೂಮ್ ನಾಲ್ಕೈದು ಸಲ ಎಳೆದು ಸದ್ದು ಕೇಳಿ. ಇಂಡಿಯಾ ವಾರಂಟಿ ಇದೆಯಾ, ಸರ್ವಿಸ್ ಎಲ್ಲಿ ಮಾಡುತ್ತಾರೆ ಎಂದು ಕೇಳಿ.

ಹಳೆಯ ಕಾಂಪ್ಯಾಕ್ಟನ್ನು ತಕ್ಷಣ ಮಾರಬೇಡಿ. ಹೊಸದರ ಜೊತೆ ಒಂದು ಮಳೆಗಾಲ ಅದೂ ಡಬ್ಬಿಯಲ್ಲಿರಲಿ. ಅಕ್ಟೋಬರ್‌ನಲ್ಲಿ ಎರಡರ ಫೋಲ್ಡರ್ ತೆರೆದು ನೋಡಿ, ಜಡಿಮಳೆಯ ದಿನಗಳಲ್ಲಿ ಕೈಗೆ ಬಂದಿದ್ದು ಯಾವುದೆಂದು ತಾರೀಖುಗಳೇ ಹೇಳುತ್ತವೆ. ಮಾರುವುದಿದ್ದರೆ ಇನ್ನೊಂದನ್ನು ಮಾರಿ.